ಆರು ಮಂದಿ ಉಳಿದಿರುವ ತಂಡ ಯಾವ ಕೃತಿಯಿಂದ ಮತ್ತೆ ಶುರುಮಾಡಬೇಕು?

ಪ್ರಶ್ನೆ: ನಮ್ಮದು ಹಾಸನ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರ ಹವ್ಯಾಸಿ ನಾಟಕ ತಂಡ. 1996ರಲ್ಲಿ ಸಂಘವಾಗಿ ನೋಂದಣಿಯಾದಾಗಿನಿಂದ ಕನ್ನಡದ ಕಥೆ, ಕಾದಂಬರಿಗಳನ್ನು ರಂಗಕ್ಕೆ ತರುತ್ತಿದ್ದೆವು. 2020ರಲ್ಲಿ ಕೊರೊನಾದಿಂದ ನಿಂತ ತಾಲೀಮು ಮತ್ತೆ ಶುರುವಾಗಲೇ ಇಲ್ಲ. ಈಗ ಉಳಿದಿರುವವರು ಆರು ಮಂದಿ. ಬ್ಯಾಂಕಿನಲ್ಲಿ ನಲವತ್ತು ಸಾವಿರ ರೂಪಾಯಿ ಇದೆ. ಸಂಘದ ಲೆಕ್ಕಪತ್ರವನ್ನು ಅಂದಿನಿಂದ ಸಲ್ಲಿಸಿಲ್ಲ. ದೊಡ್ಡ ಕಾದಂಬರಿಯೊಂದನ್ನು ಎತ್ತಿಕೊಂಡು, ಧನಸಹಾಯ ಪಡೆದು ಅದ್ದೂರಿಯಾಗಿ ಮರಳೋಣ ಎಂಬುದು ಕೆಲವರ ಅಭಿಪ್ರಾಯ. ನೀವೇನು ಹೇಳುತ್ತೀರಿ?
– ತಂಡದ ಕಾರ್ಯದರ್ಶಿ

ಉತ್ತರ: ದೊಡ್ಡ ಕಾದಂಬರಿಯನ್ನು ಈಗ ಎತ್ತಿಕೊಳ್ಳಬೇಡಿ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 2010ರಲ್ಲಿ ಮೈಸೂರಿನಲ್ಲಿ ಇಡೀ ರಾತ್ರಿಯ ನಾಟಕವಾದದ್ದು ನಿಮ್ಮ ಗೆಳೆಯರ ಮನಸ್ಸಿನಲ್ಲಿರಬಹುದು. ಕೆ.ವೈ. ನಾರಾಯಣಸ್ವಾಮಿಯವರ ರಂಗರೂಪ, ಸಿ. ಬಸವಲಿಂಗಯ್ಯನವರ ನಿರ್ದೇಶನದ ಆ ಪ್ರಯೋಗದ ಹಿಂದೆ ರಂಗಾಯಣದಂಥ ಸಂಸ್ಥೆಯ ಪೂರ್ಣಾವಧಿ ಕಲಾವಿದರು ಮತ್ತು ವಿಶಾಲವಾದ ಬಯಲುರಂಗ ಇದ್ದವು. ಹಗಲಿಡೀ ದುಡಿದು ಸಂಜೆ ಏಳಕ್ಕೆ ತಾಲೀಮಿಗೆ ಬರುವ ಆರು ಮಂದಿ ಅದನ್ನು ಅಳತೆಗೋಲು ಮಾಡಿಕೊಂಡರೆ ಮೂರನೆಯ ವಾರಕ್ಕೇ ಸೋತುಹೋಗುತ್ತಾರೆ.

ಸಣ್ಣಕಥೆಗೆ ಬನ್ನಿ. ರಂಗನಿರ್ದೇಶಕ ದೇವೇಂದ್ರರಾಜ್ ಅಂಕುರ್ 1975ರಲ್ಲಿ ದೆಹಲಿಯಲ್ಲಿ ನಿರ್ಮಲ್ ವರ್ಮಾ ಅವರ ಮೂರು ಹಿಂದಿ ಕಥೆಗಳನ್ನು ರಂಗಕ್ಕೆ ತಂದಾಗ ಅವನ್ನು ಸಂಭಾಷಣೆಯ ನಾಟಕವಾಗಿ ತಿದ್ದಿ ಬರೆಯಲಿಲ್ಲ. ಕಥೆಗಾರನ ನಿರೂಪಣೆಯನ್ನೂ ನಟರ ಬಾಯಿಂದಲೇ ಆಡಿಸಿದರು. ಈ ದಾರಿಯಲ್ಲಿ ರಂಗಸಜ್ಜಿಕೆಯ ಖರ್ಚು ಕಡಿಮೆ, ಒಬ್ಬ ನಟ ಮೂರು ಪಾತ್ರ ಹೊರಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಸಾಹಿತ್ಯವನ್ನು ರಂಗಕ್ಕೆ ತರುವ ನಿಮ್ಮ ಮೂಲ ಉದ್ದೇಶಕ್ಕೆ ಇದು ಅತ್ಯಂತ ಹತ್ತಿರದ್ದು, ಏಕೆಂದರೆ ಲೇಖಕನ ಮಾತೇ ಪ್ರೇಕ್ಷಕನನ್ನು ಮುಟ್ಟುತ್ತದೆ.

ಹಾಗೆಂದು ಕಥೆಯನ್ನು ಗಟ್ಟಿಯಾಗಿ ಓದಿದರೆ ನಾಟಕವಾಗುವುದಿಲ್ಲ. ‘ಅಂದು ರಾತ್ರಿ ಅವಳು ಗಂಡನನ್ನು ಮನಸ್ಸಿನಲ್ಲೇ ಕ್ಷಮಿಸಿದಳು’ ಎಂಬ ವಾಕ್ಯವೊಂದು ಕಥೆಯಲ್ಲಿದೆ ಎಂದುಕೊಳ್ಳಿ. ಗೋಡೆಯ ಕಡೆ ಮುಖ ಮಾಡಿ ಕುಳಿತ ಹೆಂಗಸು ಏಳುತ್ತಾಳೆ. ಮುಚ್ಚಿಟ್ಟ ಅನ್ನದ ತಟ್ಟೆಯನ್ನು ಗಂಡನ ಮುಂದೆ ಸರಿಸುತ್ತಾಳೆ. ಅವನು ಕೈಯಿಡುವ ಮೊದಲು ತಟ್ಟೆಯನ್ನು ಹಿಂದಕ್ಕೆಳೆದು, ಉಪ್ಪಿನಕಾಯಿ ಬಡಿಸಿ ಮತ್ತೆ ಮುಂದಿಡುತ್ತಾಳೆ. ಇಷ್ಟಾದ ಮೇಲೆ ಆ ವಾಕ್ಯವನ್ನು ಆಡಬೇಕೇ, ಬಿಡಬೇಕೇ, ಅಥವಾ ಗಂಡನ ಪಾತ್ರಧಾರಿಯೇ ಆಡಬೇಕೇ? ಇದನ್ನು ತಾಲೀಮಿನಲ್ಲಿ ಮೂರೂ ಬಗೆಯಲ್ಲಿ ಮಾಡಿ ನೋಡಿಯೇ ತೀರ್ಮಾನಿಸಬೇಕು. ರಂಗರೂಪ ಹುಟ್ಟುವುದು ಅಲ್ಲಿ. ಆದ್ದರಿಂದ ಒಬ್ಬರು ಮನೆಯಲ್ಲಿ ಕುಳಿತು ಪೂರ್ತಿ ಬರೆದು ತರುವವರೆಗೆ ಕಾಯದೆ, ವಾರಕ್ಕೆ ಎರಡು ಸಂಜೆ ಎಲ್ಲರೂ ಸೇರಿ ಕಥೆಗಳನ್ನು ಓದಲು ಈಗಲೇ ಶುರುಮಾಡಿ.

ಕಥೆ ಆರಿಸುವಾಗಲೇ ಹಕ್ಕಿನ ವಿಚಾರ ನೋಡಿಕೊಳ್ಳಿ. ಲೇಖಕರ ಜೀವಿತಕಾಲದಲ್ಲಿ ಪ್ರಕಟವಾದ ಕೃತಿಗೆ, ಅವರು ತೀರಿಕೊಂಡ ವರ್ಷದ ಮುಂದಿನ ಜನವರಿಯಿಂದ ಅರವತ್ತು ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಪಂಜೆ ಮಂಗೇಶರಾಯರು 1937ರಲ್ಲಿ ತೀರಿಕೊಂಡರು. ಅವರ ಕಥೆಗಳಿಗೆ ಯಾರ ಅಪ್ಪಣೆಯೂ ಬೇಕಿಲ್ಲ. 1963ರಲ್ಲಿ ಅಗಲಿದ ತ್ರಿವೇಣಿಯವರು ಬದುಕಿದ್ದಾಗ ಬಂದ ಕೃತಿಗಳೂ 2024ರಿಂದ ಮುಕ್ತವಾಗಿವೆ. ಮಾಸ್ತಿಯವರು ತೀರಿಕೊಂಡದ್ದು 1986ರಲ್ಲಿ, ಆದ್ದರಿಂದ ಅವರ ಕಥೆಗಳಿಗೆ 2046ರ ಕೊನೆಯವರೆಗೂ ಹಕ್ಕುದಾರರ ಒಪ್ಪಿಗೆ ಬೇಕು. ಅದನ್ನು ತಾಲೀಮಿಗೆ ಮುಂಚೆಯೇ ಬರಹದಲ್ಲಿ ಪಡೆಯಿರಿ.

ಕಾಗದಪತ್ರದ ಕೆಲಸ ಬೇಸರದ್ದು, ಆದರೆ ಮುಂದೂಡುವಂಥದ್ದಲ್ಲ. ಸರ್ವಸದಸ್ಯರ ಸಭೆ ಕರೆದು ಹೊಸ ಆಡಳಿತ ಮಂಡಳಿಯನ್ನು ಆರಿಸಿ, ಬಾಕಿ ವರ್ಷಗಳ ಲೆಕ್ಕವನ್ನು ಲೆಕ್ಕಪರಿಶೋಧಕರಿಂದ ಸಿದ್ಧಪಡಿಸಿಕೊಂಡು, ಸಂಘಗಳ ನೋಂದಣಾಧಿಕಾರಿಯ ಕಚೇರಿಗೆ ಹೋಗಿ. ಸಂಘಕ್ಕೂ ದಾನಿಗಳಿಗೂ ತೆರಿಗೆ ವಿನಾಯಿತಿ ಕೊಡಿಸುವ ಆದಾಯ ತೆರಿಗೆಯ 12ಎ, 80ಜಿ ನೋಂದಣಿ ನಿಮಗೆ ಹಿಂದೆ ಇದ್ದರೂ, 2021ರಿಂದ ಅವುಗಳಿಗೆ ಮರುನೋಂದಣಿ ಬೇಕಾಗಿದೆ, ಅದನ್ನೂ ಕೇಳಿ. ಧನಸಹಾಯದ ಅರ್ಜಿ ಇದೆಲ್ಲ ಮುಗಿದ ಮೇಲಿನ ಮಾತು. ಮೊದಲ ಪ್ರಯೋಗ ನಿಮ್ಮ ನಲವತ್ತು ಸಾವಿರದಲ್ಲಿ ಅರ್ಧಕ್ಕೇ ಮುಗಿಯುವಂತಿರಲಿ. ಅನುದಾನ ಬಂದರೆ ಮಾತ್ರ ಆಡಬಲ್ಲ ನಾಟಕವನ್ನು ಈಗ ಒಪ್ಪಿಕೊಳ್ಳಬೇಡಿ.

ಇಷ್ಟು ವರ್ಷದಲ್ಲಿ ನಿಮ್ಮ ಪ್ರೇಕ್ಷಕರಿಗೂ ಅಭ್ಯಾಸ ತಪ್ಪಿರುತ್ತದೆ. ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ 1985ರಿಂದ ‘ತಿರುಗಾಟ’ದ ನಾಟಕಗಳನ್ನು ಊರೂರಿಗೆ ಒಯ್ಯುತ್ತಿದೆ, ಸಾಣೇಹಳ್ಳಿಯ ‘ಶಿವಸಂಚಾರ’ವೂ ಹಾಗೆಯೇ ಸುತ್ತುತ್ತದೆ. ಇವುಗಳಲ್ಲಿ ಒಂದನ್ನು ನಿಮ್ಮ ಊರಿಗೆ ಕರೆಸಲು ಶಾಲೆ, ಕಾಲೇಜುಗಳ ಜೊತೆ ಸೇರಿ ಪ್ರಯತ್ನಿಸಿ. ಮನೆಮನೆಗೆ ಟಿಕೆಟ್ ಹಿಡಿದು ಹೋದಾಗ ಹಳೆಯ ಪ್ರೇಕ್ಷಕರು ‘ನಿಮ್ಮ ನಾಟಕ ಯಾವಾಗ?’ ಎಂದು ಕೇಳುತ್ತಾರೆ. ಅವರ ಹೆಸರು, ಫೋನ್ ನಂಬರುಗಳನ್ನು ಅಲ್ಲೇ ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ. ಊರು ಬಿಟ್ಟುಹೋದ ನಿಮ್ಮ ಹಳೆಯ ನಟರಿಗೂ ಮೊದಲ ಓದಿನ ದಿನವನ್ನು ತಿಳಿಸಿ. ಪಾತ್ರ ಮಾಡಲಾಗದವರು ಪ್ರಯೋಗದ ದಿನ ಬೆಳಕಿಗೋ ಪ್ರಸಾಧನಕ್ಕೋ ಬಂದು ನಿಲ್ಲಬಹುದು.