ಕೋಡಿಪೆಂಡೆಂಟ್ ಅಂದರೆ ಪರಾವಲಂಬಿ ಅಂತಲಾ?

ಗಂಡನನ್ನು ಕೇಳದೆ ಒಂದು ಸೀರೆಯನ್ನೂ ಕೊಳ್ಳುವುದಿಲ್ಲ ಎಂದಿದ್ದಕ್ಕೆ ಗೆಳತಿ ನಿಮ್ಮನ್ನು ‘ಕೋಡಿಪೆಂಡೆಂಟ್’ ಅಂದರು, ಹಾಗಂದರೆ ಪರಾವಲಂಬಿ ಅಂತಲಾ ಎಂದು ಕೇಳಿದ್ದೀರಿ. ಅಲ್ಲ. ಪರಾವಲಂಬಿ ಇನ್ನೊಬ್ಬರನ್ನು ನೆಚ್ಚಿಕೊಂಡು ಬದುಕುವವರು. ಕೋಡಿಪೆಂಡೆಂಟ್ ಆದವರು ಎಷ್ಟೋ ಸಲ ಇಡೀ ಮನೆಯನ್ನು ಹೊತ್ತು ನಿಂತವರು.

ನನ್ನ ಅಮ್ಮನ ವಿಷಯ ಹೇಳುತ್ತೇನೆ. ಅಪ್ಪ ಕುಡಿಯುತ್ತಿದ್ದರು. ಬೆಳಿಗ್ಗೆ ಏಳಲಾಗದಿದ್ದರೆ ಅಮ್ಮನೇ ಆಫೀಸಿಗೆ ಫೋನ್ ಮಾಡಿ ‘ಅವರಿಗೆ ಜ್ವರ’ ಅನ್ನುತ್ತಿದ್ದಳು. ಸಾಲ ಕೊಟ್ಟವರು ಬಾಗಿಲಿಗೆ ಬಂದರೆ ಚೀಟಿ ಎತ್ತಿ ತೀರಿಸುತ್ತಿದ್ದಳು. ರಾತ್ರಿ ಗೇಟಿನ ಚಿಲಕ ತೆಗೆಯುವ ಸದ್ದಿನಲ್ಲೇ ಅಪ್ಪ ಅವತ್ತು ಎಷ್ಟು ಕುಡಿದಿದ್ದಾರೆ ಎಂದು ಅವಳಿಗೆ ಗೊತ್ತಾಗುತ್ತಿತ್ತು. ಅವರ ಮುಖ ಸರಿಯಿದ್ದರೆ ಅವಳಿಗೆ ಊಟ ಸೇರುತ್ತಿತ್ತು, ಇಲ್ಲದಿದ್ದರೆ ಇಲ್ಲ. ‘ನಿಂಗೇನು ಇಷ್ಟ ಅಮ್ಮ?’ ಅಂತ ಕೇಳಿದರೆ ಅಪ್ಪನಿಗೆ ಇಷ್ಟವಾದ ಹುಳಿಯ ಹೆಸರು ಹೇಳುತ್ತಿದ್ದಳು.

ಎಲ್ಲವನ್ನೂ ಪ್ರೀತಿಯಿಂದಲೇ ಮಾಡಿದಳು. ಆದರೆ ಆಫೀಸಿನ ಬೈಗುಳವಾಗಲಿ, ಸಾಲದ ಅವಮಾನವಾಗಲಿ ಅಪ್ಪನಿಗೆ ತಟ್ಟಲೇ ಇಲ್ಲ. ನಡುವೆ ಅಮ್ಮ ನಿಂತಿದ್ದಳಲ್ಲ. ಕುಡಿತ ಹಾಗೇ ನಡೆಯಿತು. ಒಬ್ಬರಿಗೆ ಬಾಟಲಿಯ ಚಟ, ಇನ್ನೊಬ್ಬರಿಗೆ ಅವರನ್ನು ಸಂಭಾಳಿಸುವುದೇ ಬದುಕು. ಈ ಎರಡನೆಯದಕ್ಕೆ ಕೋಡಿಪೆಂಡೆನ್ಸಿ ಅನ್ನುತ್ತಾರೆ.

ಪದ ಹುಟ್ಟಿದ್ದೂ ಇಂಥ ಮನೆಗಳಿಂದಲೇ, ಅಮೆರಿಕದಲ್ಲಿ. ಕುಡಿತ ಬಿಡಬೇಕು ಅನ್ನುವವರಿಗಾಗಿ 1935ರಲ್ಲಿ ಆಲ್ಕೊಹಾಲಿಕ್ಸ್ ಅನಾನಿಮಸ್ ಶುರುವಾಯಿತು. ಅವರ ಮನೆಯವರಿಗಾಗಿ 1951ರಲ್ಲಿ ಅಲ್-ಅನಾನ್ ಬಂತು. ಅದನ್ನು ಕಟ್ಟಿದವರಲ್ಲಿ ಒಬ್ಬರು ಲೋಯಿಸ್ ವಿಲ್ಸನ್, ಮೊದಲ ಸಂಸ್ಥೆಯನ್ನು ಕಟ್ಟಿದವರಲ್ಲಿ ಒಬ್ಬರಾದ ಬಿಲ್ ವಿಲ್ಸನ್ ಅವರ ಹೆಂಡತಿ. ಆಗೆಲ್ಲ ಮನೆಯವರನ್ನು ‘ಕೋ-ಆಲ್ಕೊಹಾಲಿಕ್’ ಅನ್ನುತ್ತಿದ್ದರು. ಆಮೇಲೆ ಮದ್ಯ, ಡ್ರಗ್ಸ್ ಎರಡನ್ನೂ ಸೇರಿಸಿ ‘ಕೆಮಿಕಲ್ ಡಿಪೆಂಡೆನ್ಸಿ’ ಎಂದು ಕರೆಯುವುದು ಶುರುವಾಯಿತು. ಆಗ ಜೊತೆಗಿರುವವರು ‘ಕೋಡಿಪೆಂಡೆಂಟ್’ ಆದರು. 1986ರಲ್ಲಿ ಬಂದ ಮೆಲಡಿ ಬೀಟಿ ಅವರ ಪುಸ್ತಕ ಈ ಪದವನ್ನು ಮನೆಮನೆಗೆ ಮುಟ್ಟಿಸಿತು. ಇದು ಕಾಯಿಲೆಯ ಹೆಸರಲ್ಲ. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂನಲ್ಲಿ ಇದಕ್ಕೆ ಜಾಗ ಸಿಕ್ಕಿಲ್ಲ. ಅಲ್ಲಿರುವ ‘ಡಿಪೆಂಡೆಂಟ್ ಪರ್ಸನಾಲಿಟಿ ಡಿಸಾರ್ಡರ್’, ಅಂದರೆ ಎಲ್ಲದಕ್ಕೂ ಇನ್ನೊಬ್ಬರನ್ನೇ ನೆಚ್ಚುವ ಮನೋರೋಗ, ಬೇರೆಯೇ.

ಕನ್ನಡದಲ್ಲಿ ‘ಸಹಾವಲಂಬಿ’ ಅಂತ ಬರೆಯುವವರಿದ್ದಾರೆ. ನನಗೆ ಅದು ಒಪ್ಪುವುದಿಲ್ಲ. ಕೇಳಿದರೆ ಒಬ್ಬರಿಗೊಬ್ಬರು ಆಸರೆಯಾಗಿದ್ದಾರೆ ಅನ್ನಿಸುತ್ತದೆ. ಅದು ಒಳ್ಳೆಯದೇ ಅಲ್ವಾ? ಹಾಗಾಗಿ ಕೋಡಿಪೆಂಡೆಂಟ್ ಅಂತಲೇ ಬಳಸುತ್ತೇನೆ. ಅದೂ ‘ಅವಳು ಕೋಡಿಪೆಂಡೆಂಟ್’ ಅನ್ನುವುದಕ್ಕಿಂತ ‘ಅವರ ಸಂಬಂಧ ಕೋಡಿಪೆಂಡೆಂಟ್ ಆಗಿದೆ’ ಅನ್ನುವುದು ಮೇಲು. ‘ನಾನು ಫೋನಿಗೆ ಕೋಡಿಪೆಂಡೆಂಟ್’ ಅನ್ನುವುದು ತಪ್ಪು ಬಳಕೆ. ಫೋನಿಗೆ ನಿಮ್ಮಿಂದ ಏನೂ ಆಗಬೇಕಿಲ್ಲ.

ಅಮ್ಮನಿಗೆ ಯಾರಾದರೂ ಈ ಪದ ಅಂದಿದ್ದರೆ ನಾನಂತೂ ಸಹಿಸುತ್ತಿರಲಿಲ್ಲ. ಅವಳಿಗೆ ಸ್ವಂತ ಸಂಬಳವಿರಲಿಲ್ಲ. ಅಪ್ಪನ ಕೆಲಸ ಹೋದರೆ ನಮ್ಮ ಸ್ಕೂಲ್ ಫೀಸ್ ಕಟ್ಟುವವರು ಯಾರು? ಆ ಸುಳ್ಳು ಜ್ವರ ನಮ್ಮನ್ನು ಓದಿಸಿತು. ತಂಗಿಗೂ ನನಗೂ ಕೆಲಸ ಸಿಕ್ಕ ಮೇಲೆ, ಒಂದು ಬೆಳಿಗ್ಗೆ ಅಮ್ಮ ಫೋನನ್ನು ಅಪ್ಪನ ಕೈಗೇ ಕೊಟ್ಟು ‘ನೀವೇ ಹೇಳಿ’ ಅಂದಳು. ಅವಳ ಕೈ ನಡುಗುತ್ತಿತ್ತು. ಅದಕ್ಕೇ ಈ ಪದವನ್ನು ಸುಮ್ನೆ ಯಾರ ಮೇಲೂ ಎಸೆಯಬಾರದು ಅನ್ನುತ್ತೇನೆ. ಹೊಡೆತ ಬೀಳುವ ಮನೆಯಲ್ಲಂತೂ ಇದನ್ನು ಎತ್ತಲೇಬಾರದು. ಅಲ್ಲಿ ಹೆಣ್ಣು ಸುಮ್ಮನಿರುವುದು ಜೀವಭಯದಿಂದ.

ಇನ್ನು ನಿಮ್ಮ ಸೀರೆ. ಗಂಡನಿಗೆ ಬಣ್ಣ ಆರಿಸುವುದು ಚೆನ್ನಾಗಿ ಬರುತ್ತದೆ, ಇಬ್ಬರೂ ಸೇರಿ ಕೊಂಡರೆ ಖುಷಿ ಅಂತ ಕೇಳುತ್ತೀರಾದರೆ ಗೆಳತಿಯ ಮಾತನ್ನು ಬಿಟ್ಟುಬಿಡಿ. ಅವರ ಮುಖ ಕೆಡುತ್ತದೆ, ಆಮೇಲೆ ಮೂರು ದಿನ ಅವರನ್ನು ಸಮಾಧಾನ ಮಾಡಬೇಕು ಅಂತ ಕೇಳುತ್ತೀರಾದರೆ ಯಾರ ಹತ್ತಿರವಾದರೂ ಮಾತಾಡಿ. ಮಾನಸಿಕ ಆರೋಗ್ಯಕ್ಕಾಗಿ ಇರುವ ಟೆಲಿ ಮಾನಸ್ ಸಹಾಯವಾಣಿಯ ನಂಬರ್ 14416. ಸರ್ಕಾರದ್ದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.