‘ಗೆಟ್’ ಅಂದರೆ ‘ಪಡೆ’ ಅಂತ ಮಾತ್ರಾನಾ? ಇಷ್ಟೊಂದು ಕಡೆ ಯಾಕೆ ಬಳಸುತ್ತಾರೆ?

ನಿಘಂಟಿನಲ್ಲಿ ‘ಪಡೆ’ ಅಂತ ಇದೆ, ಆದರೆ ಇಂಗ್ಲಿಷ್ ಮಾತಾಡುವವರು ಸುಸ್ತಾದರೂ ಗೆಟ್, ಮನೆ ಸೇರಿದರೂ ಗೆಟ್, ಅರ್ಥವಾದರೂ ಗೆಟ್ ಅನ್ನುತ್ತಾರೆ, ಇದನ್ನೆಲ್ಲ ಹೇಗೆ ನೆನಪಿಡೋದು ಅಂತ ಕೇಳಿದ್ದೀರಿ.

ಪಟ್ಟಿ ಮಾಡಿ ಬಾಯಿಪಾಠ ಮಾಡೋಕೆ ಹೋಗಬೇಡಿ, ಅದು ಮುಗಿಯುವುದಿಲ್ಲ. ‘ಪಡೆ’ಯನ್ನು ಪಕ್ಕಕ್ಕಿಟ್ಟು ನಮ್ಮ ‘ನನಗೆ’ಯಿಂದ ಶುರು ಮಾಡಿ ಅನ್ನುವುದು ನನ್ನ ಸಲಹೆ.

ನಾವು ಹೇಗೆ ಮಾತಾಡುತ್ತೇವೆ ನೋಡಿ. ನನಗೆ ಪತ್ರ ಬಂತು. ನನಗೆ ಕೆಲಸ ಸಿಕ್ಕಿತು. ನನಗೆ ನೆಗಡಿ ಆಯಿತು. ನನಗೆ ಸಿಟ್ಟು ಬಂತು. ನನಗೆ ಅರ್ಥವಾಯಿತು. ಇದರಲ್ಲಿ ಬಂದದ್ದು ಪತ್ರ, ಬಂದದ್ದು ಸಿಟ್ಟು. ನಾನು ಏನೂ ಮಾಡಿಲ್ಲ, ಸುಮ್ನೆ ಇದ್ದೆ. ಈಗಿನ ಇಂಗ್ಲಿಷ್‌ಗೆ ಇಂಥ ಕಡೆ ‘ನನಗೆ’ಯಿಂದ ವಾಕ್ಯ ಶುರು ಮಾಡಿ ಅಭ್ಯಾಸವಿಲ್ಲ. ಅಲ್ಲಿ ‘ಐ’ ಮುಂದೆ ಬಂದು ಕೂರಲೇಬೇಕು. ಹಾಗೆ ಕೂತಾಗ ಅದರ ಜೊತೆಗೆ ಬರುವ ಕ್ರಿಯಾಪದವೇ ಗೆಟ್. ಐ ಗಾಟ್ ಎ ಲೆಟರ್, ಐ ಗಾಟ್ ಎ ಜಾಬ್, ಐ ಗಾಟ್ ಎ ಕೋಲ್ಡ್, ಐ ಗಾಟ್ ಆಂಗ್ರಿ, ಐ ಗಾಟ್ ಇಟ್. ಐದಕ್ಕೂ ಒಂದೇ.

ಇನ್ನು ‘ಆಗು’. ‘ದೇ ಆರ್ ಮ್ಯಾರೀಡ್’ ಅಂದರೆ ಅವರಿಗೆ ಮದುವೆಯಾಗಿದೆ, ಅಷ್ಟೇ. ‘ದೇ ಗಾಟ್ ಮ್ಯಾರೀಡ್’ ಅಂದರೆ ಮದುವೆ ನಡೆಯಿತು. ಒಂದು ಇರುವ ಸ್ಥಿತಿ, ಇನ್ನೊಂದು ಬದಲಾವಣೆ. ‘ಐ ಆ್ಯಮ್ ಟೈರ್ಡ್’ ಮತ್ತು ‘ಐ ಗೆಟ್ ಟೈರ್ಡ್’ ನಡುವೆಯೂ ಇದೇ ವ್ಯತ್ಯಾಸ. ಅಂದಹಾಗೆ, ಯಾರ ಜೊತೆ ಮದುವೆ ಅಂತ ಹೇಳುವಾಗ ‘ವಿತ್’ ಹಾಕಬೇಡಿ. ನಮ್ಮ ‘ಜೊತೆ’ ಅಲ್ಲಿ ನುಸುಳಿಬಿಡುತ್ತದೆ. ‘ಗಾಟ್ ಮ್ಯಾರೀಡ್ ಟು’ ಸರಿ.

ನನಗೆ ಗೆಟ್‌ನಲ್ಲಿ ತುಂಬಾ ಇಷ್ಟವಾಗುವುದು ಬೇರೆಯವರ ಕೈಲಿ ಕೆಲಸ ಮಾಡಿಸುವ ಬಳಕೆ. ನಮಗೆ ‘ಇಸು’ ಇದೆ: ಮಾಡಿಸು, ಹೊಲಿಸು, ಬರೆಸು. ಒಂದು ಸಣ್ಣ ಬಾಲ ಅಂಟಿಸಿದರೆ ಕೆಲಸ ಇನ್ನೊಬ್ಬರ ಹೆಗಲಿಗೆ ಹೋಯಿತು. ಇಂಗ್ಲಿಷ್‌ನಲ್ಲಿ ಆ ಸೌಲಭ್ಯ ಇಲ್ಲ, ಗೆಟ್‌ನಂಥ ಬೇರೆ ಪದ ಬೇಕು. ‘ಐ ಕಟ್ ಮೈ ಹೇರ್’ ಅಂದರೆ ನೀವೇ ಕತ್ತರಿ ಹಿಡಿದಿರಿ ಅಂತ ಕೇಳುವವರು ಅಂದುಕೊಳ್ಳಬಹುದು. ‘ಐ ಗಾಟ್ ಮೈ ಹೇರ್ ಕಟ್’ ಅಂದರೆ ಕತ್ತರಿಸಿಕೊಂಡು ಬಂದಿರಿ. ವಸ್ತು ನಡುವೆ ಬರುತ್ತದೆ, ಕ್ರಿಯಾಪದದ ಮೂರನೇ ರೂಪ ಕೊನೆಗೆ. ಮಾಡಿದ ವ್ಯಕ್ತಿಯನ್ನೂ ಹೇಳಬೇಕಾದರೆ ‘ಟು’ ಸೇರುತ್ತದೆ: ‘ಐ ಗಾಟ್ ಹಿಮ್ ಟು ಸೈನ್’. ಇಲ್ಲಿ ಹೇಳಿಕೇಳಿ, ಪುಸಲಾಯಿಸಿ ಸಹಿ ಹಾಕಿಸಿದ ಛಾಯೆ ಇದೆ. ‘ಐ ಮೇಡ್ ಹಿಮ್ ಸೈನ್’ ಅಂದರೆ ಬಲವಂತ, ಮತ್ತು ಅಲ್ಲಿ ‘ಟು’ ಇಲ್ಲ. ಕನ್ನಡದಲ್ಲಿ ಎರಡೂ ‘ಸಹಿ ಹಾಕಿಸಿದೆ’ ಅಂತಲೇ ಆಗುತ್ತದೆ, ಆದ್ದರಿಂದ ಈ ಭೇದ ನಮ್ಮ ಕಣ್ಣಿಗೆ ಬೇಗ ಬೀಳುವುದಿಲ್ಲ.

ತಲುಪುವ ಅರ್ಥದಲ್ಲಿ ಕಷ್ಟವೇನಿಲ್ಲ. ‘ಗೆಟ್ ಟು ದ ಸ್ಟೇಷನ್’ ಅನ್ನಿ, ಆದರೆ ಹೋಮ್, ಹಿಯರ್, ದೇರ್ ಮುಂದೆ ‘ಟು’ ಬೇಡ. ಬಸ್ಸು, ರೈಲು, ವಿಮಾನಕ್ಕೆ ಗೆಟ್ ಆನ್, ಗೆಟ್ ಆಫ್. ಕಾರಿಗೆ ಗೆಟ್ ಇನ್, ಗೆಟ್ ಔಟ್.

ಗೆಟ್ ಅಪ್, ಗೆಟ್ ಓವರ್, ಗೆಟ್ ಅಲಾಂಗ್ ಥರದ ಜೋಡಿಪದಗಳನ್ನು ಮಾತ್ರ ಒಂದೊಂದಾಗಿಯೇ ಕಲಿಯಬೇಕು. ಅಲ್ಲಿ ಯಾವ ಉಪಾಯವೂ ನಡೆಯುವುದಿಲ್ಲ.

ಈ ಪದ ಮೂಲದಲ್ಲಿ ಇಂಗ್ಲಿಷಿನದ್ದೂ ಅಲ್ಲ. ಇಂಗ್ಲೆಂಡಿಗೆ ಬಂದು ನೆಲೆಸಿದ ವೈಕಿಂಗರ ಹಳೆಯ ನಾರ್ಸ್ ಭಾಷೆಯ ‘ಗೆಟಾ’ದಿಂದ ಬಂದದ್ದು. ಅದರ ದಾಯಾದಿಯೊಂದು ಇಂಗ್ಲಿಷ್‌ನಲ್ಲಿ ಆಗಲೇ ಇತ್ತು, ‘ಫರ್ಗೆಟ್’ನ ಒಳಗೆ. ಹಿಡಿದದ್ದು ಕೈತಪ್ಪಿದರೆ ಮರೆವು, ಅಲ್ವಾ?

ಗೆಟ್ ಬಳಸಬಾರದು, ಅದು ಸೋಮಾರಿಗಳ ಪದ ಅಂತ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅರ್ಜಿ, ವರದಿ ಬರೆಯುವಾಗ ರಿಸೀವ್, ಬಿಕಮ್, ಅಬ್ಟೇನ್ ಹಾಕಿ, ಸರಿ. ಮಾತಿನಲ್ಲಿ ಅವನ್ನೇ ಹಾಕಿದರೆ ಎದುರಿಗಿರುವವರಿಗೆ ನೋಟಿಸು ಓದಿದ ಹಾಗೆ ಕೇಳುತ್ತದೆ.

ಒಂದು ಜೋಡಿಯ ಬಗ್ಗೆ ಮಾತ್ರ ಜಾಸ್ತಿ ಹುಷಾರಾಗಿರಿ. ‘ಐ ಗೆಟ್ ಟು ಸೀ ಹರ್’ ಅಂದರೆ ಅವಳನ್ನು ನೋಡುವ ಅವಕಾಶ ನನಗೆ ಸಿಗುತ್ತದೆ, ಖುಷಿ. ‘ಐ ಹ್ಯಾವ್ ಗಾಟ್ ಟು ಸೀ ಹರ್’ ಅಂದರೆ ನೋಡಲೇಬೇಕು, ಬೇರೆ ದಾರಿ ಇಲ್ಲ. ಅಮೆರಿಕದವರು ‘ಗಾಟನ್’ ಅಂತ ಇನ್ನೊಂದು ರೂಪವನ್ನೂ ಬಳಸುತ್ತಾರೆ. ಅವರ ಬಾಯಲ್ಲಿ ‘ಹ್ಯಾವ್ ಗಾಟ್’ ಅಂದರೆ ಹತ್ತಿರ ಇದೆ, ‘ಹ್ಯಾವ್ ಗಾಟನ್’ ಅಂದರೆ ಸಿಕ್ಕಿದೆ ಅಥವಾ ಆಗಿದೆ. ಬ್ರಿಟನ್ನಿನ ಇಂಗ್ಲಿಷ್‌ನಲ್ಲಿ ಸಾಮಾನ್ಯವಾಗಿ ಎರಡಕ್ಕೂ ‘ಗಾಟ್’ ಸಾಕು. ಯಾವ ದೇಶದ ರೀತಿ ಬಳಸಿದರೂ ತಪ್ಪಲ್ಲ, ಒಂದೇ ಬರಹದಲ್ಲಿ ಅಮೆರಿಕದ ರೀತಿಯನ್ನೂ ಬ್ರಿಟನ್ನಿನ ರೀತಿಯನ್ನೂ ಬೆರೆಸಬೇಡಿ ಅಷ್ಟೇ.