ಕೂಡಗಿಯ ವಿದ್ಯುತ್ ಸ್ಥಾವರಕ್ಕೆ ರೈಲುಗಟ್ಟಲೆ ಕಲ್ಲಿದ್ದಲು ಬರುತ್ತದೆ. ಕೈಗಾದ ಅಣು ವಿದ್ಯುತ್ ಸ್ಥಾವರಕ್ಕೆ ಬರುವ ಇಂಧನ ಯಾವುದು, ಅದನ್ನು ಬಳಸುವುದು ಹೇಗೆ?

ಯುರೇನಿಯಂ. ಅದನ್ನು ಉರಿಸುವುದಿಲ್ಲ, ಅದರ ಪರಮಾಣುಗಳನ್ನು ಒಡೆಯುತ್ತಾರೆ. ಆಗ ಹೊಮ್ಮುವ ಶಾಖದಿಂದ ನೀರು ಹಬೆಯಾಗಿ ಟರ್ಬೈನ್ ತಿರುಗಿಸುತ್ತದೆ. ಹಬೆಯಿಂದಾಚೆಗೆ ನಮ್ಮ ವಿಜಯಪುರ ಜಿಲ್ಲೆಯ ಕೂಡಗಿಗೂ ಕಾರವಾರದ ಕಡೆಯ ಕೈಗಾಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ನ್ಯೂಟ್ರಾನ್ ಎಂಬ ಕಣ ಬಡಿದಾಗ ಯುರೇನಿಯಂ-235ರ ಪರಮಾಣು ಎರಡು ಹೋಳಾಗಿ, ಮತ್ತೆರಡು ಮೂರು ನ್ಯೂಟ್ರಾನ್‌ಗಳನ್ನು ಚೆಲ್ಲುತ್ತದೆ. ಅವು ಉಳಿದ ಪರಮಾಣುಗಳನ್ನು ಒಡೆಯುತ್ತವೆ. ಆದರೆ ನೈಸರ್ಗಿಕ ಯುರೇನಿಯಂನಲ್ಲಿ ಸುಲಭವಾಗಿ ಒಡೆಯುವ ಈ ಬಗೆ ಇರುವುದು ಶೇ 0.7ರಷ್ಟೇ. ನಿಧಾನವಾಗಿ ಚಲಿಸುವ ನ್ಯೂಟ್ರಾನ್ ಅದನ್ನು ಚೆನ್ನಾಗಿ ಒಡೆಯುವುದರಿಂದ, ವೇಗ ತಗ್ಗಿಸಲು ಕೈಗಾದಲ್ಲಿ ಭಾರಜಲ ಬಳಸುತ್ತಾರೆ. ಅದೂ ನೀರೇ, ಅದರೊಳಗಿನ ಹೈಡ್ರೋಜನ್ ಮಾತ್ರ ಹೆಚ್ಚು ತೂಕದ್ದು.

ಇಂಧನ ತಯಾರಾಗುವುದು ಹೈದರಾಬಾದಿನಲ್ಲಿ. ಯುರೇನಿಯಂ ಆಕ್ಸೈಡಿನ ಪುಟ್ಟ ಗುಳಿಗೆಗಳನ್ನು ಜಿರ್ಕೋನಿಯಂ ಮಿಶ್ರಲೋಹದ ಕೊಳವೆಗಳಲ್ಲಿ ತುಂಬಿ, ಅಂಥ 19 ಕೊಳವೆಗಳನ್ನು ಸೇರಿಸಿ ಅರ್ಧ ಮೀಟರ್ ಉದ್ದದ ಕಟ್ಟು ಮಾಡುತ್ತಾರೆ. ತೂಕ ಸುಮಾರು 15 ಕಿಲೋ. 220 ಮೆಗಾವ್ಯಾಟ್‌ನ ಒಂದು ಘಟಕಕ್ಕೆ ದಿನಕ್ಕೆ ಇಂಥ ಎಂಟು ಕಟ್ಟು ಸಾಕು! ಅಷ್ಟೇ ವಿದ್ಯುತ್ತಿಗೆ ಕಲ್ಲಿದ್ದಲಾದರೆ ಸುಮಾರು 3 ಸಾವಿರ ಟನ್ ಬೇಕು.

ಘಟಕ ನಿಲ್ಲಿಸದೆಯೇ ಯಂತ್ರಗಳು ಒಂದು ತುದಿಯಿಂದ ಹೊಸ ಕಟ್ಟು ತಳ್ಳಿ, ಇನ್ನೊಂದು ತುದಿಯಿಂದ ಹಳೆಯದನ್ನು ತೆಗೆಯುತ್ತವೆ. ಕೈಗಾದ ಮೊದಲ ಘಟಕ 2018ರಲ್ಲಿ 962 ದಿನಗಳ ನಿರಂತರ ಓಟ ಪೂರೈಸಲು ಈ ಅನುಕೂಲವೂ ಕಾರಣ. ಹೆದರಬೇಕಾದದ್ದು ಹೊಸ ಕಟ್ಟಿಗಲ್ಲ, ಬಳಸಿ ತೆಗೆದದ್ದಕ್ಕೆ: ಅದರ ವಿಕಿರಣ ಬಲು ತೀವ್ರ, ವರ್ಷಗಟ್ಟಲೆ ನೀರಿನಡಿಯಲ್ಲೇ ಇಡುತ್ತಾರೆ.